ಭಾನುವಾರ ಬರಬೇಕಿದ್ದ ವಿಲನ್

"ಕೈ ಹಿಂದಕ್ಕೆ ತಗೊಳಯ್ಯ," ಎಂದ ಇನ್‌ಸ್ಪೆಕ್ಟರ್ ಅಂಜಿನಯ್ಯ.

ಮುನಿವೆಂಕಟಪ್ಪ ಕೈ ಹಿಂದಕ್ಕೆ ಕಟ್ಟಿದ. ಯಾಕೆ ಎಂದು ಕೇಳಲಿಲ್ಲ. ನಾನಲ್ಲ ಎಂದೂ ಹೇಳಲಿಲ್ಲ. ಪೇದೆ ಮಣಿಕಟ್ಟಿಗೆ ಹಗ್ಗ ಸುತ್ತುತ್ತಿದ್ದರೆ ಅರವತ್ತು ದಾಟಿದ ಆ ರೈತ, ಕೊಟ್ಟಿಗೆಯ ಮುಂದೆ ನೊಗ ನೆಲಕ್ಕೂರಿ ನಿಂತಿದ್ದ ತನ್ನ ಗಾಡಿಯನ್ನೇ ನೋಡುತ್ತಿದ್ದ.

"ಬರ್ಕೊಳ್ಳಿ ಮೇಡಂ," ಅಂಜಿನಯ್ಯ ಟೋಪಿ ಸರಿಮಾಡಿಕೊಂಡು ಇತ್ತ ತಿರುಗಿದ. "ನಾಳೆ ಪೇಪರ್‌ಗೆ ಹೆಡ್ಡಿಂಗ್ ನಾನೇ ಕೊಡ್ತೀನಿ. ಮೇಷ್ಟ್ರ ಕೇಸಲ್ಲಿ ವಿಲನ್ ಸಿಕ್ಕಿಬಿದ್ದ!"

ನೀಲಗಂಗಮ್ಮ ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಬಹಳ ವರ್ಷಗಳಿಂದ ಪತ್ರಿಕೆಗೆ ಅಪರಾಧ ಸುದ್ದಿ ಬರೆಯುತ್ತಿದ್ದವಳು. ಬೇರೆಯವರು ಕೊಟ್ಟ ಹೆಡ್ಡಿಂಗು ಅವಳ ಸುದ್ದಿಯ ನೆತ್ತಿಯ ಮೇಲೆ ಇದುವರೆಗೆ ಕೂತಿರಲಿಲ್ಲ.

"ಹೆಡ್ಡಿಂಗ್ ಆಮೇಲೆ ಹಾಕೋಣ ಅಂಜಿನಯ್ಯನವರೇ. ಮೊದಲು ಸುದ್ದಿ ಏನು ಹೇಳಿ."

"ಸುದ್ದಿ ನಿಮ್ಮ ಎದುರಿಗೇ ನಿಂತಿದೆಯಲ್ಲ, ತಲೆಗೆ ಟವಲ್ ಸುತ್ಕೊಂಡು!"

ಪೇದೆ ನಕ್ಕ. ಜೀಪಿಗೆ ಒರಗಿ ನಿಂತಿದ್ದ ಸೇತುರಾಮನೂ ನಕ್ಕ. ಶ್ರೀಗಂಧದ ಕಾವಲಿನ ಈ ಹೊಲಗಳನ್ನು ಸೈಟು ಮಾಡಿ ಹಂಚುತ್ತಿದ್ದ ಗೃಹ ನಿರ್ಮಾಣ ಸಂಘಕ್ಕೆ ಅವನು ಕಾರ್ಯದರ್ಶಿ. ಅದೇ ಸಂಘದ ಗುಮಾಸ್ತ ಶಿವಬಸಪ್ಪ ಈ ತಿಂಗಳ ಮೊದಲಲ್ಲಿ ಗುಂಡೇಟು ತಿಂದು ಸತ್ತಿದ್ದ. ಅದು ನಾಡಬಂದೂಕಿನ ಗುಂಡು ಎಂದು ಅಂಜಿನಯ್ಯ ಹೇಳಿಕೆ ಕೊಟ್ಟಿದ್ದ. ಈಗ ಸಂಘದ ಉಪಾಧ್ಯಕ್ಷರು, ನಿವೃತ್ತ ಇಂಗ್ಲಿಷ್ ಪ್ರೊಫೆಸರ್ ಗುರುಸಿದ್ದಯ್ಯನವರು, ಸೋಮವಾರ ಸಂಜೆಯಿಂದ ಕಾಣೆ. ಇವತ್ತು ಬುಧವಾರ.

ಗುರುಸಿದ್ದಯ್ಯನವರು ನೀಲಗಂಗಮ್ಮನಿಗೆ ಬರಿಯ ಸುದ್ದಿಯಾಗಿರಲಿಲ್ಲ. ದಾವಣಗೆರೆಯ ಕಾಲೇಜಿನಲ್ಲಿ ಅವಳಿಗೆ ಪಾಠ ಹೇಳಿದವರು. ಹೆಣ್ಣುಮಗಳು ಪತ್ರಿಕೆ ಸೇರುವುದೇ ಎಂದು ಮನೆಯವರು ಹೌಹಾರಿದಾಗ, ಬಂದು ಜಗಲಿಯ ಮೇಲೆ ಕೂತು ಅಪ್ಪನನ್ನು ಒಪ್ಪಿಸಿದವರು. ಅವರಿಗೇನಾದರೂ ಆಗಿದ್ದರೆ ಮಾಡಿದವನನ್ನು ಸುಮ್ಮನೆ ಬಿಡುವವಳಲ್ಲ ಅವಳು. ಆದರೆ ಮಾಡದವನನ್ನು ಜೀಪು ಹತ್ತಿಸಿದರೆ, ಮೇಷ್ಟ್ರು ಬದುಕಿ ಬಂದ ದಿನ ಅವರ ಮುಖ ಹೇಗೆ ನೋಡುವುದು?

"ನಿಮ್ಮ ಹತ್ರ ಇರೋದು ಏನು?" ಎಂದಳು.

"ಏನಿಲ್ಲ ಕೇಳಿ. ಮೇಷ್ಟ್ರ ಕನ್ನಡಕ ಇವನ ಗಾಡಿ ಹುಲ್ಲಲ್ಲಿ ಸಿಕ್ತು. ನಿನ್ನೆ ಬೆಳಿಗ್ಗೆ ನಾನೇ ಕೈಯಾರೆ ತೆಗೆದಿದೀನಿ. ಸೋಮವಾರ ಬೆಳಿಗ್ಗೆ ಬೋರಮ್ಮನ ಟೀ ಅಂಗಡಿ ಮುಂದೆ ಇಬ್ರಿಗೂ ಜಗಳ. 'ನನ್ನ ವಿಲನ್ ಅಂತೀರಾ, ನಾನ್ಯಾರ ತಾಳಿ ಕಿತ್ತಿವ್ನಿ' ಅಂತ ಇವನು ಕೂಗಾಡಿದ್ದನ್ನ ಹತ್ತು ಜನ ಕೇಳಿದಾರೆ. ಸಾಯಂಕಾಲ ಇವನೇ ಗಾಡೀಲಿ ಹೊದಿಕೆ ಸುತ್ತಿದ್ದ ಏನನ್ನೋ ಸಾಗಿಸಿದ್ದನ್ನ ಸೇತುರಾಮಯ್ಯ ಕಣ್ಣಾರೆ ಕಂಡಿದಾರೆ. ಇನ್ನೇನ್ ಬೇಕು, ಬಾಂಡ್ ಪೇಪರ್ ಮೇಲೆ ಬರ್ಕೊಡಬೇಕಾ?"

ವಿಲನ್. ಆ ಪದದಿಂದಲೇ ಎಲ್ಲ ಶುರುವಾಗಿದ್ದು.

ರಾಜಾಜಿನಗರದ ವಾಚನಾಲಯದಲ್ಲಿ ಮೇಷ್ಟ್ರು ಪ್ರತಿ ಭಾನುವಾರ ಒಂದೊಂದು ಇಂಗ್ಲಿಷ್ ಪದ ಹಿಡಿದು ಮಾತಾಡುತ್ತಿದ್ದರು. ಜನ ಸೇರುತ್ತಿದ್ದರು, ಫ್ಯಾಕ್ಟರಿಯವರು, ಟೀಚರುಗಳು, ಪಿಂಚಣಿದಾರರು. ಹೋದ ಭಾನುವಾರ ನಿಲ್ಲಲೂ ಜಾಗವಿರಲಿಲ್ಲ.

"ವಿಲನ್ ಅಂದ್ರೆ ಯಾರು?" ಎಂದು ಕೇಳಿದ್ದರು ಮೇಷ್ಟ್ರು.

"ಮೀಸೆ ಇರೋನು ಸಾರ್!" ಎಂದು ಹಿಂದಿನಿಂದ ಯಾರೋ ಕೂಗಿದ್ದ. ಸಭೆ ಗೊಳ್ಳೆಂದಿತ್ತು.

"ಮೀಸೆ ಆಮೇಲೆ ಬಂತಪ್ಪ. ಮೊದಲು ಅವನ ಕೈಯಲ್ಲಿ ಇದ್ದದ್ದು ಗುದ್ದಲಿ. ರೋಮನ್ನರ ಮಾತಲ್ಲಿ ವಿಲ್ಲಾ ಅಂದ್ರೆ ಜಮೀನಿರೋ ಹಳ್ಳಿಮನೆ. ಆ ಜಮೀನಲ್ಲಿ ಗೇಯೋನು ವಿಲ್ಲಾನಸ್. ಅದೇ ಫ್ರೆಂಚರ ಬಾಯಿಂದ ಇಂಗ್ಲೆಂಡಿಗೆ ಬಂದು ವಿಲನ್ ಆಯ್ತು. ದೊರೆಯ ನೆಲ ಉಳೋನು, ಅಪ್ಪಣೆ ಇಲ್ಲದೆ ಊರು ಬಿಡೋ ಹಾಗಿಲ್ಲದೋನು. ಅವನು ಮಾಡಿದ ತಪ್ಪು ಅಷ್ಟೆ! ಆಮೇಲೆ ಮಾಳಿಗೆ ಮೇಲೆ ಕೂತೋರು ಅಂದ್ರು, ಉಳೋನು ಒರಟ. ಒರಟ ಅಂದ್ಮೇಲೆ ನೀಚ. ನೀಚ ಅಂದ್ಮೇಲೆ ಖದೀಮ. ಕೊನೆಗೆ ನಾಟಕದೋರು ಮೀಸೆ ಅಂಟಿಸಿ ದೀಪದ ಮುಂದೆ ನಿಲ್ಲಿಸಿದ್ರು. ನಗೋಕೆ ಮುಂಚೆ ನಮ್ಮ ಮಾತೂ ನೋಡ್ಕೊಳ್ಳಿ. ನಗರದಲ್ಲಿರೋನು ನಾಗರಿಕ. ಗ್ರಾಮದ ಮಾತು ಗ್ರಾಮ್ಯ. ಇದರಲ್ಲಿ ಹೊಗಳಿಕೆ ಯಾವುದು, ಬೈಗುಳ ಯಾವುದು?"

ಆಗ ಮೇಷ್ಟ್ರು ಧ್ವನಿ ತಗ್ಗಿಸಿ ಅಂದ ಮಾತು ನೀಲಗಂಗಮ್ಮನ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿತ್ತು.

"ಮುಂದಿನ ಭಾನುವಾರ ಈ ವೇದಿಕೆ ಮೇಲೆ ಇಬ್ಬರನ್ನ ನಿಲ್ಲಿಸ್ತೀನಿ. ಹಳೇ ವಿಲನ್ನೂ ಬರ್ತಾನೆ, ಹೊಸಾ ವಿಲನ್ನೂ ಬರ್ತಾನೆ. ಶಿವಬಸಪ್ಪನ್ನ ಬಲ್ಲೋರು ತಪ್ಪದೆ ಬನ್ನಿ."

ಮುಂದಿನ ಸಾಲಿನಲ್ಲಿ ಕೂತಿದ್ದ ಸೇತುರಾಮ ಚಪ್ಪಾಳೆ ತಟ್ಟಿದ್ದ. ಅವನ ಪಕ್ಕ ಮಫ್ತಿಯಲ್ಲಿ ಕೂತಿದ್ದ ಅಂಜಿನಯ್ಯನೂ ತಟ್ಟಿದ್ದ.

ಮರುದಿನ ಸಂಜೆಗೆ ಮೇಷ್ಟ್ರು ಇಲ್ಲ.

"ಟೀ ಅಂಗಡಿ ಜಗಳದ ಸುದ್ದಿ ಅರ್ಧ ತಂದಿದೀರಿ ಅಂಜಿನಯ್ಯನವರೇ," ಎಂದಳು ನೀಲಗಂಗಮ್ಮ. "ಇನ್ನರ್ಧ ಬೋರಮ್ಮನ ಹತ್ರ ಇತ್ತು. ಇವರು ಕೂಗಾಡಿದ್ದು ನಿಜ. ಜನ ಮಜಾ ನೋಡಿ ಹೊರಟುಹೋದ್ರು. ಆಮೇಲೆ ಮೇಷ್ಟ್ರು ಕೂರಿಸಿಕೊಂಡು ಆ ಪದದ ಕಥೆ ಹೇಳಿದ್ರು. ನಕ್ಕು ನಕ್ಕು ಇವರು ಟೀ ಚೆಲ್ಲಿಕೊಂಡ್ರಂತೆ. 'ಅಂಗಾದ್ರೆ ನಮ್ಮಪ್ಪನೂ ವಿಲನ್ನು, ನಮ್ ತಾತನೂ ವಿಲನ್ನು, ನಾನು ಬತ್ತೀನಿ ನಡೀರಿ' ಅಂದ್ರಂತೆ. ವೇದಿಕೆ ಮೇಲೆ ಬರಬೇಕಿದ್ದ ಹಳೇ ವಿಲನ್ ಇವರೇ."

"ಕಥೆ ಚೆನ್ನಾಗಿದೆ. ಸಾಕ್ಷಿ?"

"ಆ ತಂತಿ ನೋಡಿ."

ಅಂಗಳದ ತಂತಿಯ ಮೇಲೆ ಒಂದು ಪಂಚೆ ಒಣಗುತ್ತಿತ್ತು. ಗಂಜಿ ಹಾಕಿ, ನೀಲಿ ಅದ್ದಿ, ಅಂಚು ಎಳೆದು ಹರವಿದ ಹೊಸ ಪಂಚೆ. ಪಕ್ಕದಲ್ಲಿ ಕೆಂಪಂಚಿನ ರುಮಾಲು.

ಮುನಿವೆಂಕಟಪ್ಪನ ಹೆಂಡತಿ ಲಕ್ಷ್ಮಿದೇವಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಳು. "ಭಾನ್ವಾರಕ್ ಬೇಕು ಅಂದ್ರು ಸ್ವಾಮಿ," ಎಂದಳು. "ಮದ್ವೇಲೂ ಇಂಗ್ ಕೇಳಿರ್ನಿಲ್ಲ."

ಮುನಿವೆಂಕಟಪ್ಪ ಮೊದಲ ಬಾರಿಗೆ ಬಾಯಿ ಬಿಟ್ಟ. "ನೀ ಸುಮ್ಕಿರೆ. ನಾನೇ ಅಂತ ಬರ್ಕಳಿ ಸ್ವಾಮಿ. ಕರ್ಕಂಡ್ ಓಗಿ. ಎಲ್ಲಾ ಮುಗೀಲಿ."

ಅಂಜಿನಯ್ಯ ಎರಡೂ ಕೈ ಅಗಲಿಸಿದ. "ಕೇಳಿದ್ರಲ್ಲ? ಅವನೇ ಒಪ್ಕೊಂಡ ಮೇಲೆ ನಿಮ್ದೇನು?"

ನೀಲಗಂಗಮ್ಮ ಕೇಳಿದ್ದಳು. ಆದರೆ ಅದು ಒಪ್ಪಿಕೊಂಡವನ ದನಿ ಎಂದು ಅವಳಿಗೆ ಅನ್ನಿಸಲಿಲ್ಲ. ಒಳಗೆ ಏನನ್ನೋ ಮುಚ್ಚಿಟ್ಟು, ಕದಕ್ಕೆ ತನ್ನ ಬೆನ್ನನ್ನೇ ಅಗುಳಿಯಾಗಿ ಕೊಟ್ಟವನ ದನಿ ಅದು.

ಅವಳ ಕಣ್ಣು ಸುಮ್ಮನೆ ಮನೆಯೊಳಗೆ ಹೊಕ್ಕಿತು. ಗೂಟಕ್ಕೆ ಊಟದ ಕ್ಯಾರಿಯರ್ ನೇತುಹಾಕಿತ್ತು. ತೊಳೆದು ಹೆಚ್ಚು ಹೊತ್ತಾಗಿರಲಿಲ್ಲ. ತಳದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಮಗ ಎಲ್ಲಿ ಯಜಮಾನ್ರೇ? ಮುನಿರಾಜು?"

"ಫ್ಯಾಕ್ಟ್ರೀಗ್ ಓಗವ್ನೆ," ಗಂಡ ಹೆಂಡತಿ ಒಟ್ಟಿಗೇ ಅಂದರು.

ಫ್ಯಾಕ್ಟರಿಗೆ ಹೋದವನ ಕ್ಯಾರಿಯರ್ ಮನೆಯ ಗೂಟದಲ್ಲಿ. ನೀಲಗಂಗಮ್ಮ ಅದನ್ನು ಮನಸ್ಸಿನ ಒಂದು ಮೂಲೆಯಲ್ಲಿಟ್ಟು ಸೇತುರಾಮನ ಕಡೆ ತಿರುಗಿದಳು.

"ಸೇತುರಾಮಯ್ಯನವರೇ, ಒಂದು ಉಪಕಾರ. ಸೋಮವಾರ ಕಂಡದ್ದನ್ನ ಇನ್ನೊಂದ್ಸಲ ಹೇಳ್ತೀರಾ? ಪೇಪರ್‌ನಲ್ಲಿ ನಿಮ್ಮ ಹೆಸರು ಬರತ್ತೆ. ತಪ್ಪಾಗಬಾರದು ನೋಡಿ."

ಹೆಸರು ಬರುತ್ತದೆಂದ ಕೂಡಲೆ ಸೇತುರಾಮ ಜೀಪು ಬಿಟ್ಟು ನೆಟ್ಟಗೆ ನಿಂತ. ಕೋಟಿನ ಕಾಲರು ಎಳೆದುಕೊಂಡ. "ಸೇತುರಾಮ, ಬಿ.ಕಾಂ. ಅಂತ ಹಾಕಿ. ಗೌರವ ಕಾರ್ಯದರ್ಶಿ."

"ಹಾಕೋಣ. ಎಲ್ಲಿದ್ರಿ?"

"ನಮ್ಮ ಹೊಸ ಮನೆ ತಾರಸಿ ಮೇಲೆ. ಕ್ಯೂರಿಂಗ್‌ಗೆ ನೀರು ಬಿಡಿಸ್ತಾ ಇದ್ದೆ. ಕತ್ತಲಾಗೋ ಹೊತ್ತು. ಇವನ ಗಾಡಿ ಬದುವಿನ ಪಕ್ಕ ಇಳಿಜಾರಿನಲ್ಲಿ ಹೋಗ್ತಾ ಇತ್ತು."

"ಎತ್ತು ಯಾವ ಬಣ್ಣ?"

"ಒಂದು ಬಿಳೀದು, ಒಂದು ಮಾಸಲು. ಇವನವೇ. ದಿನಾ ನೋಡಲ್ವಾ?"

"ಕೊರಳಲ್ಲಿ ಗೆಜ್ಜೆ?"

ಸೇತುರಾಮ ಒಂದು ಕ್ಷಣ ಅಂಜಿನಯ್ಯನತ್ತ ನೋಡಿದ. "ಇತ್ತು, ಇತ್ತು. ಘಲ್ ಘಲ್ ಅಂತ ನಮ್ಮ ತಾರಸಿವರೆಗೂ ಕೇಳಿಸ್ತು."

"ಯಜಮಾನ್ರು?"

"ಮುಂದೆ ಕೂತು ಬಾರುಕೋಲು ಬೀಸ್ತಾ ಇದ್ದ. ಹೋಯ್, ಹಾಯ್ ಅಂತ. ಅವಸರ ಕಣ್ರೀ ಅವನಿಗೆ! ಹಿಂದುಗಡೆ ಕಂಬಳಿ ಸುತ್ತಿದ್ದು ಉದ್ದಕ್ಕೆ ಮಲಗಿತ್ತು."

"ಸೋಮವಾರವೇ ತಾನೆ? ಭಾನುವಾರ ಅಲ್ಲವಲ್ಲ?"

"ಏನ್ರೀ ಇದು! ಕಾರ್ತಿಕ ಸೋಮವಾರ. ನಮ್ಮನೆಯವರು ಕೆಳಗಡೆ ತುಳಸಿ ಮುಂದೆ ದೀಪ ಹಚ್ಚಿದ್ರು. ಹೇಗೆ ಮರೀತೀನಿ?"

"ಬಹಳ ಸಂತೋಷ." ನೀಲಗಂಗಮ್ಮ ಈಗ ಪೆನ್ನಿನ ಮುಚ್ಚಳ ತೆಗೆದಳು. "ನಿಮ್ಮ ಮನೇಲಿ ದೀಪ ಹಚ್ಚಿದ್ರು. ಈ ಮನೇಲಿ ಸೋಮವಾರ ಏನು ಮಾಡ್ತಾರೆ, ಗೊತ್ತಾ?"

"ಇವರ ಮನೆ ವಿಷಯ ನನಗ್ಯಾಕೆ?"

"ಸೋಮವಾರ ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗ ಮುಟ್ಟಿಸಲ್ಲ. ಹರಿಹರದ ಹತ್ರ ನಮ್ಮೂರಲ್ಲೂ ಅಷ್ಟೆ, ಈ ಊರಲ್ಲೂ ಅಷ್ಟೆ. ಬಿತ್ತನೆಗೆ ಹದ ತಪ್ಪಿದರೂ ಹೂಡಲ್ಲ. ಮಗಳು ಹೆರಿಗೆಗೆ ಬರ್ತಾಳೆ ಅಂದ್ರೂ ಪಕ್ಕದೂರಿಂದ ನಡೆಸಿಕೊಂಡೇ ಬರ್ತಾರೆ. ಅದರಲ್ಲೂ ಕಾರ್ತಿಕ ಸೋಮವಾರ. ಅವತ್ತು ಈ ಎರಡು ಎತ್ತಿಗೂ ಮೈ ತೊಳೆದು, ಕೊರಳ ಗೆಜ್ಜೆ ಬಿಚ್ಚಿ ಹೂ ಕಟ್ಟಿ, ಊರ ಮುಂದಿನ ಬಸವನ ಗುಡಿಗೆ ಹೊಡ್ಕೊಂಡು ಹೋಗಿದ್ರು ಇವರು. ದೀಪ ಹಚ್ಚಿ ಪ್ರಸಾದ ಕೊಡೋವರೆಗೂ ಯಜಮಾನ್ರೂ ಎತ್ತೂ ಗುಡಿ ಮುಂದೇನೇ ಇದ್ರು ಅಂತ ಪೂಜಾರಿ ಹೇಳಿದಾರೆ. ನೀವು ಕಂಡ ಎತ್ತು ಯಾವುದು ಸೇತುರಾಮಯ್ಯನವರೇ? ನೀವು ಕೇಳಿದ ಗೆಜ್ಜೆ ಯಾರದು?"

ಸೇತುರಾಮನ ಕೈ ಕಾಲರು ಬಿಟ್ಟಿತು.

"ಗಾಡಿ... ಗಾಡಿ ಹೋಗಿದ್ದು ನಿಜ ಕಣ್ರೀ! ತಾರಸಿ ಕೆಳಗೆ ರಾಗಿ ಮೆದೆ ಅಡ್ಡ. ಹಿಂದಿನ ಭಾಗ ಮಾತ್ರ ಕಾಣ್ತಿತ್ತು. ಗಾಡಿ ಅಂದ್ಮೇಲೆ ಎತ್ತು ಇರಲ್ವಾ? ಎತ್ತು ಅಂದ್ಮೇಲೆ ಇವನು ಇರಲ್ವಾ? ಅಂಜಿನಯ್ಯನವರೇ ಅಂದ್ರು, ಸರಿಯಾಗಿ ಬರೆಸಿ ಅಂ..."

"ಸೇತುರಾಮಯ್ಯ!" ಅಂಜಿನಯ್ಯನ ದನಿ ಚಾಟಿಯಂತೆ ಬಂತು. ಮರುಕ್ಷಣವೇ ನಕ್ಕುಬಿಟ್ಟ. "ನೋಡಿ ಮೇಡಂ, ಕೊಲೆ ಮಾಡೋನು ಪಂಚಾಂಗ ನೋಡ್ತಾನಾ? ವಾರ, ನಕ್ಷತ್ರ ಎಲ್ಲ ಕೋರ್ಟಲ್ಲಿ ನಡಿಯಲ್ಲ."

"ನಡಿಯಲ್ಲ. ನಂಬಿಕೆ ಮೇಲೆ ನಾನೂ ಸುದ್ದಿ ಬರೆಯಲ್ಲ," ಎಂದಳು ನೀಲಗಂಗಮ್ಮ. ಅವಳ ದನಿ ತಣ್ಣಗಿತ್ತು. "ಬನ್ನಿ, ನೆಲ ಏನು ಹೇಳತ್ತೆ ಕೇಳೋಣ."

ಕೊಟ್ಟಿಗೆಯ ಹಿಂದಿನಿಂದ ಬದುವಿನ ಗುಂಟ ಗಾಡಿದಾರಿ ಕೆಳಕ್ಕೆ ಇಳಿಯುತ್ತಿತ್ತು. ಭಾನುವಾರ ರಾತ್ರಿ ಸೋನೆ ಹಿಡಿದು ಕೆಮ್ಮಣ್ಣು ಮೆದುವಾಗಿತ್ತು; ಆಮೇಲೆ ಎರಡು ದಿನದ ಬಿಸಿಲಿಗೆ ಬಿದ್ದ ಗುರುತೆಲ್ಲ ಸುಟ್ಟ ಇಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು. ಮಂಗಳವಾರ ಬೆಳಿಗ್ಗೆಯೇ ಪೊಲೀಸರು ಗಾಡಿ ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿದ್ದರು. ಹಾಗಾಗಿ ಆ ದಾರಿಯಲ್ಲಿದ್ದದ್ದು ಸೋಮವಾರದ ಜಾಡೊಂದೇ.

ಎರಡು ಚಕ್ರದ ಗೆರೆ ಸ್ಪಷ್ಟವಾಗಿತ್ತು. ಹೋದದ್ದು ಆಳವಾಗಿ, ಬಂದದ್ದು ತೆಳುವಾಗಿ.

"ಹೋಗುವಾಗ ಭಾರ ಇತ್ತು, ಬರುವಾಗ ಇರಲಿಲ್ಲ," ಎಂದಳು ಅವಳು. "ಈಗ ಎರಡು ಗೆರೆಗಳ ನಡುವೆ ನೋಡಿ ಅಂಜಿನಯ್ಯನವರೇ. ಎತ್ತು ನಡೆಯೋ ಜಾಗ. ಒಂದೇ ಒಂದು ಗೊರಸು ತೋರಿಸಿ."

ಪೇದೆ ಬಗ್ಗಿ ನೋಡಿದ. ಸೇತುರಾಮ ಬಗ್ಗಿ ನೋಡಿದ. ಅಂಜಿನಯ್ಯ ಬಗ್ಗಲಿಲ್ಲ, ನಿಂತಲ್ಲಿಂದಲೇ ಆ ದಾರಿಯ ಉದ್ದಕ್ಕೂ ಕಣ್ಣು ಹಾಯಿಸಿದ.

ಗೊರಸಿನ ಗುರುತು ಒಂದೂ ಇರಲಿಲ್ಲ. ಇದ್ದದ್ದು ಮನುಷ್ಯರ ಹೆಜ್ಜೆ. ಪಕ್ಕಪಕ್ಕದಲ್ಲಿ ಎರಡು ಸಾಲು, ನೊಗಕ್ಕೆ ಎದೆಯೊಡ್ಡಿ ಎಳೆದವರ ಹಾಗೆ ಮುಂಗಾಲು ಮಣ್ಣಿಗೆ ಹೂತ ಹೆಜ್ಜೆ.

"ಎತ್ತು ಎಳೆದಿಲ್ಲ," ನೀಲಗಂಗಮ್ಮನ ದನಿ ಈಗ ಏರಿತು. "ಇಬ್ಬರು ಮನುಷ್ಯರು ಎಳೆದಿದಾರೆ. ಮುನಿವೆಂಕಟಪ್ಪನವರ ಪಾದ ನೋಡಿ, ಮೊರದಗಲ. ಇಲ್ಲಿ ಒಂದು ಶೂ ಹೆಜ್ಜೆ, ಇನ್ನೊಂದು ಬರಿಗಾಲು, ಚಿಕ್ಕದು. ಎರಡೂ ಇವರದ್ದಲ್ಲ. ಹಗ್ಗ ಬಿಚ್ಚಿಸಿ!"

ಆಗ ಯಾರೂ ನೆನೆಸದ್ದು ನಡೆಯಿತು. ಮುನಿವೆಂಕಟಪ್ಪ ಕಟ್ಟಿದ ಕೈಯಲ್ಲೇ ನೆಲಕ್ಕೆ ಮಂಡಿಯೂರಿ, ಆ ಹೆಜ್ಜೆಗಳ ಮೇಲೆ ಮುಖವಿಟ್ಟು ನೋಡಿ, ಮಗುವಿನ ಹಾಗೆ ಅತ್ತುಬಿಟ್ಟ.

"ನನ್ ಮಗನ್ ಕಾಲಲ್ಲ ಕಣವ್ವ! ಇದು ನನ್ ಮಗನ್ ಕಾಲಲ್ಲ!"

"ಮಗ ಅಂತ ಯಾರು ಹೇಳಿದ್ರು ಯಜಮಾನ್ರೇ?"

"ಗುಡಿಯಿಂದ ಬಂದು ನೋಡ್ತೀನಿ, ಗಾಡಿ ಜಾಗ ಕದ್ಲೈತೆ. ಮುನಿರಾಜ ಇಲ್ಲ. ಸೋಮಾರದಿಂದ ಮನೀಗೇ ಬಂದಿಲ್ಲ. ಮೇಷ್ಟ್ರ ಕನ್ನಡ್ಕ ಬ್ಯಾರೆ ನಮ್ ಗಾಡೀಲಿ. ಅವ್ನೇ ಏನೋ ಮಾಡ್ಬುಟ್ಟವ್ನೆ ಅಂತ... ನಾನು ಅಲ್ಲ ಅಂದ್ರೆ ಇನ್ಯಾರು ಅಂತ ಕೇಳ್ತಿರ್ನಿಲ್ವಾ? ಅದ್ಕೇ ನಾನೇ ಓಗ್ತೀನಿ ಅಂದೆ. ಅವ್ನಿಗಿನ್ನೂ ಮದ್ವೇನೂ ಆಗಿಲ್ಲ ಕಣವ್ವ."

ನೀಲಗಂಗಮ್ಮ ಅವನ ಭುಜ ಹಿಡಿದು ಎಬ್ಬಿಸಿದಳು. ಗೆದ್ದ ಉಬ್ಬಿನಲ್ಲಿ ಅವಳ ಕಣ್ಣೂ ತುಂಬಿತ್ತು.

"ಅಂದ್ರೆ ಮುನಿರಾಜು ಫ್ಯಾಕ್ಟರೀಲಿಲ್ಲ," ಎಂದ ಅಂಜಿನಯ್ಯ. ತನಗೆ ತಾನೇ ಹೇಳಿಕೊಂಡ ಹಾಗಿತ್ತು. ಅವನ ಮುಖದಲ್ಲಿ ಸೋತವನ ಪೆಚ್ಚುತನವಿರಲಿಲ್ಲ. "ಬಿಚ್ಚಯ್ಯ, ಹಗ್ಗ ಬಿಚ್ಚು. ಮೇಡಂ ಗೆದ್ರು. ಜಾಡು ಎಲ್ಲಿಗೆ ಹೋಗತ್ತೆ ನೋಡೇಬಿಡೋಣ. ಆ ಕೆಳಗಡೆ ಏನದು ಸೇತುರಾಮಯ್ಯ?"

"ಸಂಘದ ಸಿಮೆಂಟ್ ಶೆಡ್ಡು. ಈಗ ಖಾಲಿ. ಬೀಗ ಹಾಕಿದೆ."

"ಬೀಗದ ಕೈ?"

"ಎರಡಿದೆ. ಒಂದು ನನ್ನ ಹತ್ರ, ಒಂದು ಮೇಷ್ಟ್ರ ಹತ್ರ."

ಅಂಜಿನಯ್ಯ ಆಗಲೇ ದಾಪುಗಾಲು ಹಾಕಿ ಇಳಿಯತೊಡಗಿದ್ದ. ಸೇತುರಾಮ ಕೋಟಿನ ಜೇಬು ತಡಕುತ್ತ ಅವನ ಹಿಂದೆ ಓಡಿದ.

ನೀಲಗಂಗಮ್ಮ ಹೊರಡುವ ಮೊದಲು ಇನ್ನೊಮ್ಮೆ ನೆಲ ನೋಡಿದಳು. ಅದು ಅವಳ ಅಭ್ಯಾಸ. ಬರೆದದ್ದನ್ನು ಪ್ರೆಸ್ಸಿಗೆ ಕೊಡುವ ಮುಂಚೆ ಇನ್ನೊಮ್ಮೆ ಓದುವ ಹಾಗೆ.

ಶೂ ಹೆಜ್ಜೆ ಕ್ಯಾನ್ವಾಸ್ ಶೂವಿನದು. ಎಡಗಾಲು ನೇರ, ಬಲಗಾಲು ಪ್ರತಿ ಹೆಜ್ಜೆಗೂ ಹೊರಕ್ಕೆ ಸೊಟ್ಟ.

ಆ ನಡಿಗೆ ಅವಳಿಗೆ ಗೊತ್ತಿತ್ತು. ಕಾಲೇಜಿನ ವರಾಂಡದಲ್ಲಿ ಹುಡುಗರು ಅಣಕಿಸಿ ನಗುತ್ತಿದ್ದ ನಡಿಗೆ. ವಾಚನಾಲಯದ ವೇದಿಕೆಗೆ ಹತ್ತುವಾಗ ಹೋದ ಭಾನುವಾರವೂ ಕಂಡ ನಡಿಗೆ.

ಗಾಡಿಯಲ್ಲಿ ಕಂಬಳಿ ಸುತ್ತಿ ಮಲಗಿದ್ದದ್ದು ಮೇಷ್ಟ್ರಲ್ಲ. ಮೇಷ್ಟ್ರು ನೊಗಕ್ಕೆ ಎದೆ ಕೊಟ್ಟು ಎಳೆದಿದ್ದರು! ಕನ್ನಡಕ ಬಿದ್ದದ್ದು ಭಾರ ಇಳಿಸುವಾಗ.

ಹಾಗಾದರೆ ಪಕ್ಕದ ಬರಿಗಾಲು? ಚಿಕ್ಕ ಪಾದ. ಎರಡನೇ ಬೆರಳಿನ ಬುಡದಲ್ಲಿ, ಹೆಜ್ಜೆ ಆಳವಾಗಿ ಬಿದ್ದಲ್ಲೆಲ್ಲ, ಒಂದು ಸಣ್ಣ ಗೆರೆ. ಕಾಲುಂಗುರದ್ದು.

ಅವಳು ನಿಧಾನವಾಗಿ ತಲೆ ಎತ್ತಿದಳು. ಲಕ್ಷ್ಮಿದೇವಮ್ಮ ಬದುವಿನ ಮೇಲೆ ನಿಂತಿದ್ದಳು. ಗಂಡನ ಕೈ ಬಿಚ್ಚಿದ್ದನ್ನು ಕಂಡು ನಗಬೇಕಾದವಳು ಸುಣ್ಣದ ಹಾಗೆ ಬಿಳಿಚಿಕೊಂಡಿದ್ದಳು. ನೀಲಗಂಗಮ್ಮ ನೋಡುತ್ತಿದ್ದ ಹಾಗೆ, ಸೀರೆಯ ಅಂಚನ್ನು ಎರಡೂ ಕೈಯಲ್ಲಿ ಎಳೆದು ಪಾದ ಮುಚ್ಚಿಕೊಂಡಳು.

ನೀಲಗಂಗಮ್ಮ ಒಂದೇ ಉಸಿರಿಗೆ ಬದು ಹತ್ತಿದಳು. "ಅಕ್ಕಾ, ಗಾಡೀಲಿ ಇದ್ದದ್ದು ಯಾರು?"

ಲಕ್ಷ್ಮಿದೇವಮ್ಮ ಅವಳ ರಟ್ಟೆ ಹಿಡಿದ ಹಿಡಿತಕ್ಕೆ ಬಳೆ ಒತ್ತಿತು. "ನನ್ ಮಗ ಕಣವ್ವ. ತೊಡೇಗ್ ಗುಂಡ್ ಒಕ್ಕೈತೆ. ಮೇಷ್ಟ್ರು ಎಲ್ಲಿಂದ್ಲೋ ಎಳ್ಕಂಡ್ ಬಂದ್ರು, ರಗ್ತ ಸುರೀತಿತ್ತು. ಶಿವಬಸಪ್ಪುನ್ನ ಒಡ್ದಿದ್ ಇವ್ನು ಕಣ್ಣಾರೆ ಕಂಡವ್ನಂತೆ. ಇವ್ರಿಗೆ ನಾ ಯೋಳಿಲ್ಲ. ಇವ್ರ ಬಾಯಲ್ಲಿ ಮಾತ್ ನಿಲ್ಲಕಿಲ್ಲ. ಶೆಡ್ನಾಗೆ ಮಲಗ್ಸಿ, ಮೇಷ್ಟ್ರು ಕೊಟ್ ಓದ ಬೀಗದ್ ಕೈಲಿ ತೆಗ್ದು ದಿನಾ ಗಂಜಿ ಕೊಟ್ ಬತ್ತಿವ್ನಿ."

"ಮೇಷ್ಟ್ರು?"

"ಡಾಕ್ಟ್ರನ್ ಕರ್ಕಂಡ್ ಬತ್ತೀನಿ ಅಂತ ನಿನ್ನೆ ಓದೋರು ಬಂದಿಲ್ಲ."

"ಗುಂಡು ಹೊಡೆದೋನು ಯಾರು ಅಂತ ಹೇಳಿದ್ರಾ?"

"ಎಸ್ರು ಯೋಳ್ನಿಲ್ಲ. 'ಲಕ್ಷ್ಮಿದೇವಮ್ಮ, ಪೊಲೀಸ್ರಿಗೂ ಬ್ಯಾಡ, ಸಂಘದೋರ್ಗೂ ಬ್ಯಾಡ. ಅವ್ನು ಮೊನ್ನೆ ಮುಂದ್ಲ ಸಾಲ್ನಾಗೆ ಚಪ್ಪಾಳೆ ತಟ್ಟಿದ್ ಆ ಇಬ್ರಲ್ಲಿ ಒಬ್ಬ. ಭಾನ್ವಾರ ನಾಕ್ ಜನದ್ ಮುಂದೆ ನಾನೇ ಯೋಳ್ತೀನಿ, ಅಲ್ಲೀಗಂಟ ಬಾಯ್ ಬಿಡ್ಬ್ಯಾಡ' ಅಂದ್ರು. ಗಂಡನ್ ಕೈಗೆ ಅಗ್ಗ ಆಕ್ದಾಗ್ಲೂ ನಾ ಬಾಯ್ ಬಿಡ್ನಿಲ್ಲ. ನೀನು ಬುಡ್ಸಿಕೊಟ್ಟೆ ಅಂತ ಕೈ ಮುಗೀಬೇಕು..." ಅವಳು ಶೆಡ್ಡಿನ ಕಡೆ ಕೈ ತೋರಿಸಿದಳು. "ಅವ್ನನ್ನ ನನ್ ಮಗನ್ ತಾವ್ಕೇ ಕರ್ಕಂಡ್ ಬಂದ್ಬುಟ್ಟಲ್ಲವ್ವ!"

ನೀಲಗಂಗಮ್ಮ ಥಟ್ಟನೆ ಆ ಕಡೆ ತಿರುಗಿದಳು.

ಗೊರಸು ಹುಡುಕಿದ್ದು ಅವಳು. ಹೆಜ್ಜೆ ತೋರಿಸಿದ್ದು ಅವಳು. ತಂದೆಯನ್ನು ಬಿಡಿಸಿದ ಜಾಡು ನೇರವಾಗಿ ಮಗನ ಬಾಗಿಲಿಗೆ ಹೋಗುತ್ತಿತ್ತು, ಅದರ ಮೇಲೆ ಹುರುಪಿನಿಂದ ನಡೆದಿದ್ದವರು ಆ ಇಬ್ಬರೇ.

ಅವಳು ಓಡಿದಳು. ಸೀರೆಯ ನೆರಿಗೆ ಎತ್ತಿ ಹಿಡಿದು, ರಾಗಿ ಕೂಳೆ ಕಾಲಿಗೆ ಚುಚ್ಚುವುದನ್ನೂ ಲೆಕ್ಕಿಸದೆ ಓಡಿದಳು. ಮಗನ ಸುಳಿವು ಸಿಕ್ಕೀತೆಂಬ ಸಂತೋಷದಲ್ಲಿ ಮುನಿವೆಂಕಟಪ್ಪ ಆಗಲೇ ಶೆಡ್ಡಿನ ಹತ್ತಿರ ಹೋಗಿ ನಿಂತಿದ್ದ. ಪೇದೆ ಹಗ್ಗ ಸುತ್ತಿಕೊಂಡು ಜೀಪಿನ ಹತ್ತಿರ ವಾಪಸು ಹೋಗಿದ್ದ.

ತಗಡಿನ ಬಾಗಿಲ ಮುಂದೆ ಸೇತುರಾಮ ಬೀಗದ ಕೈ ಚಾಚಿದ. ಅಂಜಿನಯ್ಯ ಅದನ್ನು ಕಸಿದು ಬೀಗಕ್ಕೆ ತೂರಿಸಿದ. ತುಕ್ಕು ಹಿಡಿದ ಬೀಗ ಅರ್ಧ ತಿರುಗಿ ಕಚ್ಚಿಕೊಂಡಿತು.

"ಅಂಜಿನಯ್ಯನವರೇ!"

ಇಬ್ಬರೂ ತಿರುಗಿದರು.

ಕಾಣದ್ದನ್ನು ಕಂಡೆನೆಂದು ನೀಲಗಂಗಮ್ಮ ಎಂದೂ ಬರೆದವಳಲ್ಲ. ಹೇಳಿದವಳೂ ಅಲ್ಲ. ಈಗ ಏದುಸಿರು ಬಿಡುತ್ತ, ಹೊಲದ ಇನ್ನೊಂದು ಮೂಲೆಯಲ್ಲಿದ್ದ ಬಾವಿಯ ಕಡೆ ಕೈ ತೋರಿಸಿ ಕೂಗಿದಳು.

"ಬಾವಿ! ಬಾವೀಲಿ ಯಾರೋ ತೇಲ್ತಾ ಇದಾರೆ. ಬಿಳೀ ಜುಬ್ಬ. ಮೇಷ್ಟ್ರೇ ಇರಬೇಕು, ಬೇಗ ಬನ್ನಿ!"

ಅಂಜಿನಯ್ಯ ಅವಳನ್ನು ನೋಡಿದ. ಬಾವಿಯ ಕಡೆ ನೋಡಿದ. ಬೀಗದ ಕೈ ಬೀಗದಲ್ಲೇ ಬಿಟ್ಟು ಒಂದು ಹೆಜ್ಜೆ ಮುಂದಿಟ್ಟ. ಸೇತುರಾಮ ಅವನ ಹಿಂದೆ ಹೊರಟ. ಇನ್ನೊಂದು ಹೆಜ್ಜೆ. ಮತ್ತೊಂದು. ನೀಲಗಂಗಮ್ಮ ಉಸಿರು ಬಿಟ್ಟಳು.

ಶೆಡ್ಡಿನೊಳಗೆ ಯಾರೋ ಕೆಮ್ಮಿದರು.

ತಡೆದು ತಡೆದು, ತಡೆಯಲಾರದೆ ಬಂದ ಕೆಮ್ಮು. ಅದು ಯಾರದೆಂದು ತಿಳಿಯಲು ಮುನಿವೆಂಕಟಪ್ಪನಿಗೆ ಎರಡನೇ ಸಲ ಕೇಳಬೇಕಾಗಲಿಲ್ಲ. ಎರಡು ದಿನದಿಂದ ಬತ್ತಿಹೋಗಿದ್ದ ಅವನ ಮುಖ ದೀಪ ಹತ್ತಿದ ಹಾಗೆ ಬೆಳಗಿತು.

"ಮುನಿರಾಜಾ!" ಎಂದು ಕೂಗುತ್ತ ಬಾಗಿಲ ಮೇಲೆ ಬಿದ್ದ. "ನನ್ ಮಗ ಇಲ್ಲೇ ಅವ್ನೆ ಸ್ವಾಮಿ, ಬದುಕವ್ನೆ, ಬನ್ನಿ!"

ಬಾವಿಯ ಕಡೆ ಹೊರಟಿದ್ದ ಇಬ್ಬರೂ ನಿಂತರು. ಇಬ್ಬರೂ ತಿರುಗಿದರು. ಸೇತುರಾಮನ ಬಲಗೈ ಕೋಟಿನ ಜೇಬಿನೊಳಗೆ ಇಳಿಯಿತು. ಅಂಜಿನಯ್ಯನ ಬಲಗೈ ಸೊಂಟದ ಪಟ್ಟಿಯ ಮೇಲೆ ಬಂತು.